ಎಡಗೈ: ಹುಟ್ಟಿನಿಂದಲೋ, ರೂಢಿಯಿಂದಲೋ?

ಕೇಳುಗರಿಗೆ ನಮಸ್ಕಾರ.

ಮಗು ಎಡಗೈಯಲ್ಲಿ ಬಳಪ ಹಿಡಿದರೆ ಅದನ್ನು ಬಿಡಿಸಿ ಬಲಗೈಗೆ ಕೊಡುವ ವಾಡಿಕೆ ಇನ್ನೂ ನಮ್ಮಲ್ಲಿ ಪೂರ್ತಿ ಹೋಗಿಲ್ಲ. ಚಿಕ್ಕಂದಿನಲ್ಲೇ ತಿದ್ದಿದರೆ ಸರಿಹೋಗುತ್ತದೆ ಎನ್ನುವವರು ಎಡಚತನವನ್ನು ಒಂದು ಅಭ್ಯಾಸ ಎಂದುಕೊಂಡಿದ್ದಾರೆ. ಅದು ಅಭ್ಯಾಸವೇ ಆಗಿದ್ದರೆ ಯಾವಾಗ ಶುರುವಾಗುತ್ತದೆ?

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಪೀಟರ್ ಹೆಪ್ಪರ್ ಮತ್ತು ಅವರ ಸಂಗಡಿಗರು ಗರ್ಭದಲ್ಲಿರುವ ಶಿಶುಗಳು ಯಾವ ಕೈಯ ಹೆಬ್ಬೆರಳು ಚೀಪುತ್ತವೆ ಎಂದು ಸ್ಕ್ಯಾನಿಂಗಿನಲ್ಲಿ ನೋಡಿದರು. ಹದಿನೈದನೇ ವಾರದ ಹೊತ್ತಿಗೇ ಹೆಚ್ಚಿನವು ಬಲಗೈಯತ್ತ ವಾಲಿದ್ದವು. ಅವರಲ್ಲಿ 75 ಮಕ್ಕಳನ್ನು ಹತ್ತು–ಹನ್ನೆರಡರ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಗರ್ಭದಲ್ಲಿ ಬಲ ಹೆಬ್ಬೆರಳು ಚೀಪಿದ್ದ 60 ಮಕ್ಕಳೂ ಬಲಗೈಯವರಾಗಿದ್ದರು. ಎಡ ಹೆಬ್ಬೆರಳಿನ 15 ಮಕ್ಕಳಲ್ಲಿ 10 ಮಂದಿ ಎಡಚರು, 5 ಮಂದಿ ಬಲಗೈಯವರು. ಆ ಐದನ್ನು ಮರೆಯಬಾರದು: ಎಡದ ಒಲವು ಬಲದಷ್ಟು ಗಟ್ಟಿಯಲ್ಲ.

ಹಾಗಾದರೆ ಇದು ವಂಶದಿಂದ ಬಂದದ್ದೇ? ಭಾಗಶಃ ಮಾತ್ರ. ಅಪ್ಪ ಅಮ್ಮ ಇಬ್ಬರೂ ಬಲಗೈಯವರಾದರೆ ನೂರಕ್ಕೆ ಒಂಬತ್ತು–ಹತ್ತು ಮಕ್ಕಳು ಎಡಚರು. ಒಬ್ಬರು ಎಡಚರಾದರೆ ಸುಮಾರು ಇಪ್ಪತ್ತು. ಇಬ್ಬರೂ ಎಡಚರಾದರೆ ಇಪ್ಪತ್ತಾರರ ಆಸುಪಾಸು. ಎಡಚ ದಂಪತಿಯ ಮಕ್ಕಳಲ್ಲೂ ಮುಕ್ಕಾಲು ಪಾಲು ಬಲಗೈಯವರೇ! ಹೆತ್ತವರನ್ನು ನೋಡಿ ಕಲಿಯುವುದಾಗಿದ್ದರೆ ಹೀಗಾಗುತ್ತಿತ್ತೇ? ಒಂದೇ ರೂಪದ ಅವಳಿಗಳಲ್ಲೂ ಐದು ಜೋಡಿಗೆ ಒಂದರಂತೆ ಒಬ್ಬರದು ಎಡ, ಇನ್ನೊಬ್ಬರದು ಬಲ. 17 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಜಾಲಾಡಿದ 2021ರ ಅಧ್ಯಯನಕ್ಕೆ ಎಡಚತನದ ನಂಟಿರುವ 41 ಜಾಗಗಳು ವಂಶವಾಹಿಗಳಲ್ಲಿ ಸಿಕ್ಕವು. ಒಂದೊಂದರ ಪ್ರಭಾವವೂ ಅತ್ಯಲ್ಪ. ಮಿದುಳು ರೂಪುಗೊಳ್ಳುವಾಗಿನ ಆಕಸ್ಮಿಕಗಳ ಪಾಲೇ ದೊಡ್ಡದು.

ಕಲಿಕೆಗೂ ಒಂದು ಜಾಗವಿದೆ. ಸಚಿನ್ ತೆಂಡೂಲ್ಕರ್ ಬರೆಯುವುದು ಎಡಗೈಯಲ್ಲಿ, ಬ್ಯಾಟ್ ಮಾಡಿದ್ದು ಬಲಗೈ ಆಟಗಾರನಾಗಿ. ಸೌರವ್ ಗಂಗೂಲಿಯದು ಎಡಗೈ ಬ್ಯಾಟಿಂಗ್, ಬೌಲಿಂಗ್ ಮಾತ್ರ ಬಲಗೈ. ಊಟದ ಕೈಯನ್ನೂ ಹೀಗೆ ರೂಢಿಸಬಹುದು. ಎಡಗೈಯಲ್ಲಿ ಬರೆದು ಬಲಗೈಯಲ್ಲಿ ಉಣ್ಣುವವರು ನಮ್ಮಲ್ಲಿ ಬೇಕಾದಷ್ಟು. ಬರವಣಿಗೆಯಂಥ ಸೂಕ್ಷ್ಮ ಕೆಲಸದ ಕೈಯನ್ನು ಬಲವಂತವಾಗಿ ಬದಲಿಸಿದರೆ ಅಕ್ಷರ ನಿಧಾನ, ಕೈ ನೋವು, ಮಗುವಿಗೆ ಬೇಸರ.

ಬದಲಿಸುವ ಬದಲು ಎಡಗೈಯಲ್ಲೇ ಸರಿಯಾಗಿ ಬರೆಸಿ. ಪುಸ್ತಕ ಎದೆಯ ನೇರಕ್ಕಲ್ಲ, ತುಸು ಎಡಕ್ಕಿರಲಿ. ಅದರ ತಲೆಭಾಗವನ್ನು ಬಲಕ್ಕೆ 30ರಿಂದ 45 ಡಿಗ್ರಿಯಷ್ಟು ವಾಲಿಸಿ. ಆಗ ಕೆಳಗಿನ ಬಲ ಮೂಲೆ ಮಗುವಿನ ಕಡೆಗೆ ಬರುತ್ತದೆ. ಪುಸ್ತಕ ನೆಟ್ಟಗಿಟ್ಟರೆ, ಬರೆದದ್ದು ಕಾಣಲೆಂದು ಮಗು ಮಣಿಕಟ್ಟನ್ನು ಕೊಕ್ಕೆಯಂತೆ ಬಗ್ಗಿಸುತ್ತದೆ. ಒಮ್ಮೆ ರೂಢಿಯಾದ ಆ ಕೊಕ್ಕೆ ಬಿಡಿಸುವುದು ಕಷ್ಟ. ಪೆನ್ಸಿಲನ್ನು ಮೊನೆಯಿಂದ ಮೂರು ಸೆಂಟಿಮೀಟರ್ ಮೇಲೆ ಹಿಡಿಯಲಿ, ಕೈ ಸಾಲಿನ ಕೆಳಗಿರಲಿ. ಬೆಳಕು ಬಲದಿಂದ ಬರಬೇಕು, ಇಲ್ಲವಾದರೆ ಬರೆಯುವ ಕೈಯ ನೆರಳೇ ಅಕ್ಷರದ ಮೇಲೆ. ಕಾಪಿ ಪುಸ್ತಕದ ಎಡ ಅಂಚಿನಲ್ಲಿರುವ ಮಾದರಿ ಅಕ್ಷರವನ್ನು ಎಡಗೈ ಮುಚ್ಚುತ್ತದೆ, ಹಾಗಾಗಿ ಬಲ ಅಂಚಿನಲ್ಲೂ ಒಂದು ಬರೆದುಕೊಡಿ. ಬೆಂಚಿನ ಎಡತುದಿಯಲ್ಲಿ ಕೂರಿಸಿದರೆ ಪಕ್ಕದವರ ಮೊಣಕೈ ತಾಗುವುದಿಲ್ಲ.

ಕತ್ತರಿಯ ಕಷ್ಟವೇ ಬೇರೆ. ಬಲಗೈ ಹಿಡಿತದಲ್ಲಿ ಹೆಬ್ಬೆರಳು ತಳ್ಳುವ ಬಲ ಎರಡು ಅಲಗುಗಳನ್ನು ಒಂದಕ್ಕೊಂದು ಒತ್ತುತ್ತದೆ. ಅದೇ ಕತ್ತರಿ ಎಡಗೈಗೆ ಬಂದರೆ ಆ ಬಲ ಅಲಗುಗಳನ್ನು ಅಗಲಿಸುತ್ತದೆ. ಕಾಗದ ಕತ್ತರಿಸುವ ಬದಲು ನಡುವೆ ಮಡಚಿಕೊಳ್ಳುತ್ತದೆ, ದೂರು ಮಗುವಿನ ಮೇಲೆ. ಅಲಗುಗಳನ್ನು ಅದಲುಬದಲು ಕೂಡಿಸಿದ ಎಡಗೈ ಕತ್ತರಿಯೇ ಬೇಕು. ಹಿಡಿಕೆ ಮಾತ್ರ ಎರಡೂ ಕೈಗೆ ಒಗ್ಗುವಂತಿದ್ದರೆ ಸಾಲದು.

ಮಗುವಿನ ಕೈ ಯಾವುದೆಂದು ತಿಳಿಯಲು ಚಮಚ, ಚೆಂಡು, ಬಳಪವನ್ನು ಅದರ ನಟ್ಟನಡುವೆ ಇಟ್ಟು, ಬೇರೆ ಬೇರೆ ದಿನ ನೋಡಿ. ಮೂರು–ನಾಲ್ಕು ವರ್ಷಕ್ಕೆ ಒಲವು ಸ್ಪಷ್ಟವಾಗುತ್ತದೆ, ಕೆಲವರಲ್ಲಿ ತಡ. ಒಂದು ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಚಾಚುತ್ತಾ ಇನ್ನೊಂದನ್ನು ಮುಷ್ಟಿ ಬಿಗಿದೇ ಇಟ್ಟುಕೊಂಡರೆ ಮಾತ್ರ ಅದನ್ನು ಎಡಚತನ ಅಥವಾ ಬಲಚತನ ಎಂದು ಬಿಡಬೇಡಿ. ಬಳಸದ ಕೈಯಲ್ಲಿ ದುರ್ಬಲತೆ ಇರಬಹುದು, ಮಕ್ಕಳ ವೈದ್ಯರಿಗೆ ತೋರಿಸಿ.