ಕೊನೆಯ ಪದ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಹತ್ತಿರದಲ್ಲಿ ಪೇಪರ್ ಇದ್ದರೆ ಎತ್ತಿಕೊಳ್ಳಿ. ನಿನ್ನೆಯದಾದರೂ ಪರವಾಗಿಲ್ಲ. ಅದರ ಮೇಲೆ ಸೊಪ್ಪು ಸೋಸುತ್ತಿದ್ದರೆ ಸೊಪ್ಪನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ.

"ಈ ಪೇಪರ್ ಆ ಪಕ್ಷದ್ದು, ಆ ಚಾನೆಲ್ ಈ ಪಕ್ಷದ್ದು." ಬೆಂಗಳೂರಿನ ಯಾವ ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಗೆ ಗೊತ್ತಾಯಿತು ಅಂತ ಕೇಳಿ ನೋಡಿ. "ಗೊತ್ತಾಗುತ್ತೆ ಬಿಡಿ ಸಾರ್" ಅನ್ನುತ್ತಾರೆ. ನಾನು 28 ವರ್ಷ ಸುದ್ದಿಮನೆಯ ಡೆಸ್ಕಿನಲ್ಲಿ ಕೂತವನು. ಈ ಉತ್ತರ ಕೇಳಿದಾಗೆಲ್ಲ ನನಗೆ ಸ್ವಲ್ಪ ರೇಗುತ್ತದೆ. ಸುಮ್ನೆ ಊಹೆ ಯಾಕೆ? ವಾಕ್ಯದ ಕೊನೆಯ ಪದ ನೋಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬರೆದವರ ಒಲವೂ ಅಲ್ಲೇ ಬಂದು ಕೂರುತ್ತದೆ.

ರಸ್ತೆ ಗುಂಡಿ ಮುಚ್ಚಲು ಇನ್ನೂ ಮೂರು ತಿಂಗಳು ಬೇಕು ಅಂತ ಮಂತ್ರಿಯೊಬ್ಬರು ಅಂದರು ಎಂದಿಟ್ಟುಕೊಳ್ಳಿ. "ಹೇಳಿದರು" ಅಂತ ಬರೆದರೆ ಅದು ಸುದ್ದಿ. "ಸ್ಪಷ್ಟಪಡಿಸಿದರು" ಅಂದರೆ ಅವರ ಮಾತಿಗೆ ನಾವೇ ಮೊಹರು ಒತ್ತಿದ ಹಾಗೆ. "ಒಪ್ಪಿಕೊಂಡರು" ಅಂದರೆ ಏನೋ ತಪ್ಪಾಗಿದೆ. "ಸಮರ್ಥಿಸಿಕೊಂಡರು" ಅಂದರೆ ಆ ತಪ್ಪನ್ನು ಮುಚ್ಚಿಕೊಳ್ಳುತ್ತಿದ್ದಾರೆ. "ನುಣುಚಿಕೊಂಡರು" ಅಂದುಬಿಟ್ಟರೆ ಮಂತ್ರಿಯ ಕತೆ ಮುಗೀತು. ಗುಂಡಿಯೂ ಅದೇ, ಮೂರು ತಿಂಗಳೂ ಅದೇ.

ಇದನ್ನು ನಾನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಬಸವನಗುಡಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಕಲಿಸಿದರು. ಅದು ವಿಧಾನಸಭೆ ಚುನಾವಣೆಯ ಕಾಲ. ಒಂದು ಸಂಜೆ ಕೆಳಗಿನಿಂದ ಫೋನ್ ಬಂತು. ಯಾರೋ ಹಿರಿಯರು ಎರಡು ಗಂಟೆಯಿಂದ ಕೂತಿದ್ದಾರೆ, ಜಪ್ಪಯ್ಯ ಅಂದರೂ ಏಳುತ್ತಿಲ್ಲ ಅಂದರು. ಓದುಗರ ಪತ್ರ ಅಚ್ಚಾಗಲಿಲ್ಲ ಅಂತ ಜಗಳಕ್ಕೆ ಬಂದಿರಬೇಕು ಅಂದುಕೊಂಡು ಇಳಿದು ಹೋದೆ. ಅವರ ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್. ತಿಂಗಳಿಡೀ ನಮ್ಮ ಪೇಪರಿನಿಂದ ಕತ್ತರಿಸಿದ ಸುದ್ದಿಗಳನ್ನು ಅದರಲ್ಲಿ ಅಂಟಿಸಿದ್ದರು. ಗೋಂದಿನಿಂದಲ್ಲ, ಅನ್ನದ ಅಗುಳಿನಿಂದ. ಎಡಗಡೆ ಪುಟದಲ್ಲಿ ಒಂದು ಪಕ್ಷ, ಬಲಗಡೆ ಇನ್ನೊಂದು. ಪ್ರತಿ ತುಣುಕಿನಲ್ಲೂ ಒಂದೇ ಪದಕ್ಕೆ ಕೆಂಪು ಪೆನ್ಸಿಲಿನ ಗೆರೆ.

ಎಡಗಡೆ ಓದಿದರು: ಹೇಳಿದರು, ತಿಳಿಸಿದರು, ಸ್ಪಷ್ಟಪಡಿಸಿದರು, ಭರವಸೆ ನೀಡಿದರು. ಬಲಗಡೆ ಓದಿದರು: ಗುಡುಗಿದರು, ಹರಿಹಾಯ್ದರು, ಕಿಡಿ ಕಾರಿದರು, ಬಡಬಡಿಸಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಏನಪ್ಪಾ, ಈ ಕಡೆಯವರಿಗೆ ಮನುಷ್ಯರ ಹಾಗೆ ಮಾತಾಡೋಕೇ ಬರಲ್ವಾ?"

ನಾನು ಬಿಡಲಿಲ್ಲ. "ಅವರು ನಿಜವಾಗಲೂ ಕೂಗಾಡಿದ್ದರು ಮೇಷ್ಟ್ರೇ" ಅಂದೆ. "ಹಾಗಾದರೆ ಆ ಕಡೆಯವರು ಇಡೀ ತಿಂಗಳು ಒಂದು ಸಲವೂ ಕೂಗಲಿಲ್ಲ?" ಅಂದರು. ನಾನು ಬಾಯಿ ಮುಚ್ಚಿದೆ. ಅವರಿಗೆ ಗೊತ್ತಿರಲಿಲ್ಲ, ಆ "ಬಡಬಡಿಸಿದರು" ನನ್ನದೇ. ರಾತ್ರಿ ಹನ್ನೊಂದಕ್ಕೆ ಪುಟ ಕಟ್ಟುವ ಅವಸರದಲ್ಲಿ ಬರೆದದ್ದು. ಯಾರೂ ನನಗೆ ದುಡ್ಡು ಕೊಟ್ಟಿರಲಿಲ್ಲ, ಮಾಲೀಕರು ಫೋನ್ ಮಾಡಿರಲಿಲ್ಲ. ಅದು ತಾನಾಗೇ ನನ್ನ ಕೈಯಿಂದ ಬಂದಿತ್ತು. ಅದಕ್ಕೇ ಹೇಳುತ್ತೇನೆ, ಕೊನೆಯ ಪದ ನೋಡಿ. ಬರೆಯುವವನಿಗೇ ಗೊತ್ತಾಗದ ಒಲವು ಅಲ್ಲಿ ಸಿಕ್ಕಿಬೀಳುತ್ತದೆ.

ಯಾವ ಪಕ್ಷ ಅಂತ ಕೇಳಬೇಡಿ. ಅಷ್ಟರಲ್ಲೇ ಒಂದನ್ನು ಊಹಿಸಿಬಿಟ್ಟಿದ್ದೀರಿ, ಅಲ್ವಾ?

ಮೇಷ್ಟ್ರ ಕತೆಯಲ್ಲಿ ನನ್ನ ಸಮಯ ಜಾಸ್ತಿಯೇ ಹೋಯಿತು. ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕಾಸು ಪಡೆದು ಬರೆಯುವ ಸುದ್ದಿ ಬೇರೆ ರೋಗ. 2009ರ ಲೋಕಸಭೆ ಚುನಾವಣೆಯ ನಂತರ ಭಾರತೀಯ ಪತ್ರಿಕಾ ಮಂಡಳಿಯೇ ಅದರ ಮೇಲೆ ವರದಿ ಮಾಡಿಸಿತು. ಈಗ ಚುನಾವಣೆ ಬಂತೆಂದರೆ ಅಂಥ ಸುದ್ದಿಯ ಮೇಲೆ ಕಣ್ಣಿಡಲು ಪ್ರತಿ ಜಿಲ್ಲೆಯಲ್ಲೂ ಸಮಿತಿ ಇರುತ್ತದೆ. ಅಭ್ಯರ್ಥಿಯನ್ನು ಹೊಗಳುವ ಒಂದೇ ಬರಹ ಎರಡು ಪೇಪರಿನಲ್ಲಿ ಅಕ್ಷರ ತಪ್ಪದೆ ಬಂದರೆ ಅನುಮಾನ ಪಡಿ.

ಪೇಪರಿನ ಮೇಲೆ ದೂರು ಇದ್ದರೆ ಮೊದಲು ಸಂಪಾದಕರಿಗೆ ಬರೆಯಿರಿ. ಉತ್ತರ ಸರಿ ಅನ್ನಿಸದಿದ್ದರೆ ಪತ್ರಿಕಾ ಮಂಡಳಿಗೆ ಬರೆಯಿರಿ. ದಿನಪತ್ರಿಕೆಯಾದರೆ ಸುದ್ದಿ ಬಂದ 2 ತಿಂಗಳೊಳಗೆ. ಮಂಡಳಿ ದಂಡ ಹಾಕುವುದಿಲ್ಲ, ಛೀಮಾರಿ ಹಾಕುತ್ತದೆ ಅಷ್ಟೇ. ಟಿವಿ ಅದರ ವ್ಯಾಪ್ತಿಗೆ ಬರುವುದೇ ಇಲ್ಲ. ಅಲ್ಲಿ ಚಾನೆಲ್‌ಗಳೇ ಕಟ್ಟಿಕೊಂಡ ಬೇರೆ ವ್ಯವಸ್ಥೆ ಇದೆ. ಅದರ ಬಗ್ಗೆ ನನಗೆ ಹೇಳುವುದು ಬಹಳ ಇತ್ತು, ಹೋಗಲಿ. ಎಲ್ಲಿಗೇ ಬರೆದರೂ "ನೀವು ಪಕ್ಷಪಾತಿಗಳು" ಅಂತ ಮಾತ್ರ ಬರೆಯಬೇಡಿ. ಆ ಪತ್ರ ನೇರ ಬುಟ್ಟಿಗೆ ಹೋಗುತ್ತದೆ, ಎಷ್ಟೋ ಪತ್ರಗಳನ್ನು ನಾನೇ ಹಾಕಿದ್ದೇನೆ. ಯಾವ ತಾರೀಖು, ಯಾವ ಪುಟ, ಯಾವ ಪದ, ಅದನ್ನು ಬರೆಯಿರಿ.

ಇನ್ನೊಂದು ಮಾತು. ಹಿಡಿಸದ ಪೇಪರಿಗೆ ಮಾತ್ರ ಗೆರೆ ಎಳೆದರೆ ಲೆಕ್ಕಕ್ಕಿಲ್ಲ. ನಿಮಗೆ ಹಿಡಿಸುವ ಪೇಪರಿಗೂ ಎಳೆಯಬೇಕು. ಈ ರೇಡಿಯೋಗೂ ಅದೇ ನಿಯಮ, ನನ್ನನ್ನು ಕರೆಸಿದ್ದಾರೆ ಅಂತ ಬಿಡಬೇಡಿ. ಇನ್ನೇನು ವಾರ್ತೆ ಶುರುವಾಗುತ್ತದೆ. ಪೆನ್ಸಿಲ್ ಹುಡುಕಿಕೊಳ್ಳಿ. ನಮಸ್ಕಾರ.