ಒಂದು ತಪ್ಪಕ್ಷರ, ಒಂದು ಹನಿ ರಕ್ತ

ಕೇಳುಗರಿಗೆ ನಮಸ್ಕಾರ. ಮಡಿಕೇರಿಯಲ್ಲಿ ಬೆಳಿಗ್ಗೆಯಿಂದ ಬಿಡದೆ ಮಳೆ. ತೋಟದ ಲೈನ್ ಮನೆಗಳಲ್ಲಿ, ಆದಿವಾಸಿ ಹಾಡಿಗಳಲ್ಲಿ ಒಲೆ ಮುಂದೆ ಕೂತವರು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಇವತ್ತಿನ ವಿಷಯ ಜೀನ್ ಎಡಿಟಿಂಗ್, ಅಂದರೆ ವಂಶವಾಹಿ ತಿದ್ದುವುದು. ಹೆಸರು ಕೇಳಿ ರೇಡಿಯೋ ಆರಿಸಬೇಡಿ. ನಾನು ಹೇಳುವುದು ಒಂದೇ ಮಾತು. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಒಂದು ಹನಿ ಸಾಕು.

ನಾನು ರಕ್ತದ ಕಾಯಿಲೆಗಳ ಡಾಕ್ಟರ್. ಕಾಲೇಜುಗಳಲ್ಲಿ ಈ ವಿಷಯದ ಮೇಲೆ ಉಪನ್ಯಾಸ ಕೊಡುತ್ತಿರುತ್ತೇನೆ. ಕಳೆದ ಮಳೆಗಾಲ ತಿತಿಮತಿ ಕಡೆಯ ಒಂದು ಹಾಡಿಗೆ ಕರೆದಿದ್ದರು. ಪ್ರೊಜೆಕ್ಟರ್ ಹೊತ್ತುಕೊಂಡೇ ಹೋದೆ. ಮೊದಲ ಚಿತ್ರ ತೋರಿಸುವ ಮುಂಚೆ ಕರೆಂಟ್ ಹೋಯಿತು. ಜನ ಎದ್ದು ಹೋಗಲಿಲ್ಲ, ಅದೇ ದೊಡ್ಡದು.

ಮುಂದೆ ಒಬ್ಬ ಅಜ್ಜಿ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗ. ವಯಸ್ಸು ಹದಿನಾಲ್ಕು, ನೋಡಿದರೆ ಹತ್ತು ಅನ್ನಬೇಕು. ಕಣ್ಣಿನ ಬಿಳಿಭಾಗ ಅರಿಶಿನದ ಬಣ್ಣ. ಎರಡು ಮೊಣಕಾಲಿಗೂ ಹಳೇ ಕಂಬಳಿ ಸುತ್ತಿದ್ದ. "ಮಳೆ ಹಿಡೀತು ಅಂದ್ರೆ ರಾತ್ರಿಯೆಲ್ಲ ಕೈಕಾಲು ನೋವು ಅಂತ ಕಿರುಚ್ತಾನೆ ಡಾಕ್ಟ್ರಮ್ಮಾ. ಸ್ಕೂಲಲ್ಲಿ ಸೋಂಬೇರಿ ಅಂತಾರೆ" ಅಂದರು. ಅದುವರೆಗೆ ಅವನಿಗೆ ಸಿಕ್ಕಿದ್ದು ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ. ಪರೀಕ್ಷೆ ಯಾರೂ ಮಾಡಿಸಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಜ್ಜಿಯ ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ರೇಷನ್ ಕಾರ್ಡ್ ಇತ್ತು. ಅವರ ಹೆಸರಿನಲ್ಲಿ ಒಂದು ಗುಡಿಸು ಬಿಟ್ಟುಹೋಗಿತ್ತು. ಆ ಒಂದು ಗುಡಿಸಿನಿಂದ ಎರಡು ತಿಂಗಳು ಅಕ್ಕಿ ಸಿಕ್ಕಿರಲಿಲ್ಲ. ನಾನು ಆ ಕಾರ್ಡನ್ನೇ ಎತ್ತಿ ಹಿಡಿದೆ. ನಮ್ಮ ರಕ್ತದ ಒಳಗೂ ಹೀಗೇ ಒಂದು ಬರಹ ಇದೆ, ಅದೇ ಜೀನ್. ರಕ್ತಕಣದೊಳಗೆ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಹೇಗಿರಬೇಕು ಅಂತ ಅದರಲ್ಲಿ ಬರೆದಿದೆ. ಈ ಕಾಯಿಲೆಯವರಲ್ಲಿ ಅಲ್ಲಿ ಒಂದೇ ಒಂದು ಅಕ್ಷರ ತಪ್ಪಿದೆ, ‘ಎ’ ಇರಬೇಕಾದ ಕಡೆ ‘ಟಿ’. ಅಷ್ಟಕ್ಕೇ, ದುಂಡಗೆ ಮೆತ್ತಗೆ ಇರಬೇಕಾದ ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಗಟ್ಟಿಯಾಗುತ್ತದೆ. ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಥಂಡಿ ಹತ್ತಿದರೆ, ನೀರು ಕಡಿಮೆ ಕುಡಿದರೆ ನೋವು ಜಾಸ್ತಿ. ನಮ್ಮ ಕೊಡಗಿನ ಮಳೆಯಲ್ಲಿ ಈ ಮಕ್ಕಳು ಯಾಕೆ ನರಳುತ್ತಾರೆ ಅಂತ ಈಗ ಗೊತ್ತಾಯಿತಲ್ವಾ?

ಆಮೇಲೆ ಕತ್ತರಿಯ ಕಥೆ ಹೇಳಿದೆ. 2012ರಲ್ಲಿ ಜೆನಿಫರ್ ಡೌಡ್ನಾ, ಎಮ್ಯಾನುಯೆಲ್ ಶಾರ್ಪಾಂಟಿಯೆ ಎಂಬ ಇಬ್ಬರು ವಿಜ್ಞಾನಿಗಳು ಕ್ರಿಸ್ಪರ್ ಎಂಬ ಕತ್ತರಿ ತೋರಿಸಿಕೊಟ್ಟರು. ಜೀನಿನಲ್ಲಿ ಬೇಕಾದ ಜಾಗಕ್ಕೇ ಹೋಗಿ ಕತ್ತರಿಸುವ ಕತ್ತರಿ. 2020ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ತಾಯಿ ಹೊಟ್ಟೆಯಲ್ಲಿರುವಾಗ ಮಗು ಬೇರೆ ಥರದ ಹಿಮೋಗ್ಲೋಬಿನ್ ಮಾಡಿಕೊಳ್ಳುತ್ತದೆ, ಅದರಲ್ಲಿ ಈ ತಪ್ಪಕ್ಷರ ಇಲ್ಲ. ಹುಟ್ಟಿದ ಮೇಲೆ ಆ ಸ್ವಿಚ್ ಆಫ್ ಆಗುತ್ತದೆ. ರಕ್ತ ಹುಟ್ಟಿಸುವ ಕಣಗಳನ್ನು ಹೊರಗೆ ತೆಗೆದು, ಈ ಕತ್ತರಿಯಿಂದ ಆ ಸ್ವಿಚ್ಚನ್ನು ಮತ್ತೆ ಆನ್ ಮಾಡಿ, ದೇಹಕ್ಕೆ ವಾಪಸ್ ಸೇರಿಸುತ್ತಾರೆ. 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕ ಎರಡೂ ಇದಕ್ಕೆ ಒಪ್ಪಿಗೆ ಕೊಟ್ಟವು. ಎಂಥಾ ಕೆಲಸ ನೋಡಿ! ಹೇಳುವಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಅಜ್ಜಿ ಎಲ್ಲ ಕೇಳಿಸಿಕೊಂಡು, "ಆ ಕತ್ತರಿ ಇಲ್ಲಿಗೆ ಬರೋ ತನಕ ಇವನಿಗೆ ಏನು ಕೊಡ್ಲಿ?" ಅಂದರು.

ಅಮೆರಿಕದಲ್ಲಿ ಆ ಚಿಕಿತ್ಸೆಯ ಬೆಲೆ ಒಬ್ಬರಿಗೆ 22 ಲಕ್ಷ ಡಾಲರ್, ಹದಿನೆಂಟು ಕೋಟಿ ರೂಪಾಯಿಗೂ ಮೇಲೆ. ಈ ಕಾಯಿಲೆ ಜಾಸ್ತಿ ಇರುವುದು ಆಫ್ರಿಕಾದಲ್ಲಿ, ನಮ್ಮ ದೇಶದ ಕಾಡಂಚಿನ ಹಾಡಿಗಳಲ್ಲಿ. ದೆಹಲಿಯ ಐಜಿಐಬಿ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಡಿಮೆ ಬೆಲೆಗೆ ಇಂಥ ಚಿಕಿತ್ಸೆ ತರಲು ದುಡಿಯುತ್ತಿದ್ದಾರೆ. ಬರಲಿ, ಬೇಗ ಬರಲಿ. ಆದರೆ ಅಲ್ಲಿ ತನಕ ಸುಮ್ನೆ ಕೂರಬಾರದು. ಹೈಡ್ರಾಕ್ಸಿಯೂರಿಯಾ ಅಂತ ಹಳೆಯ, ಅಗ್ಗದ ಮಾತ್ರೆ ಇದೆ. ಡಾಕ್ಟರ್ ಹೇಳಿದ ಹಾಗೆ ದಿನಾ ತೆಗೆದುಕೊಂಡರೆ ನೋವು ಬರುವುದು ಕಡಿಮೆಯಾಗುತ್ತದೆ. ಅದನ್ನು ಕೊಡಬೇಕಾದರೆ ಕಾಯಿಲೆ ಇದೆ ಅಂತ ಗೊತ್ತಾಗಬೇಕಲ್ವಾ? ಅದಕ್ಕೇ ಪರೀಕ್ಷೆ.

ಆ ಹುಡುಗನಿಗೆ ಪರೀಕ್ಷೆ ಆಯಿತು, ಸಿಕಲ್ ಸೆಲ್ ಅಂತಲೇ ಬಂತು. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಈ ಜೂನ್, ಜುಲೈಯಲ್ಲಿ ಶಾಲೆ ತಪ್ಪಿಸಿದ್ದು ನಾಲ್ಕೇ ದಿನ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಇದು ಅಂಟುರೋಗ ಅಲ್ಲ, ಯಾರ ಶಾಪವೂ ಅಲ್ಲ. ಅಪ್ಪ, ಅಮ್ಮ ಇಬ್ಬರಿಂದಲೂ ತಪ್ಪಕ್ಷರ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದವರು ಸಾಮಾನ್ಯವಾಗಿ ಆರಾಮಾಗಿರುತ್ತಾರೆ. ಮಲೇರಿಯಾ ಜೀವ ತೆಗೆಯುತ್ತಿದ್ದ ಕಾಲದಲ್ಲಿ ಅಂಥವರನ್ನು ಆ ಅಕ್ಷರವೇ ಕಾಪಾಡಿದೆ. ಆದರೆ ಅಂಥ ಇಬ್ಬರು ಮದುವೆಯಾದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರಬಹುದು. ಮದುವೆ ಮಾತುಕತೆಗೆ ಮುಂಚೆ ಪರೀಕ್ಷೆ ಮಾಡಿಸಿ.

ತೋಟದ ಮಾಲೀಕರೇ, ತೋಟದ ಲೆಕ್ಕ ನೋಡುವ ರೈಟರುಗಳೇ, ಮಳೆಯಲ್ಲಿ ಕೈಕಾಲು ನೋವು ಅಂತ ಕೂತವರನ್ನು ಬೈಯಬೇಡಿ. ಅರ್ಧ ದಿನ ರಜೆ ಕೊಟ್ಟು ಪರೀಕ್ಷೆಗೆ ಕಳಿಸಿ, ಕೂಲಿ ಹಿಡಿಯಬೇಡಿ.

2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಗೆ ಅಂತ ಅಭಿಯಾನ ಶುರು ಮಾಡಿದೆ. 40 ವರ್ಷದವರೆಗಿನವರಿಗೆ ಪರೀಕ್ಷೆ. ಕರ್ನಾಟಕವೂ ಅದರಲ್ಲಿದೆ. ನಾಳೆ ಮಕ್ಕಳನ್ನು ಕರೆದುಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಬರೀ ರಕ್ತ ಪರೀಕ್ಷೆ ಅನ್ನಬೇಡಿ. "ಸಿಕಲ್ ಸೆಲ್ ಪರೀಕ್ಷೆ" ಅಂತ ಹೆಸರು ಹಿಡಿದು ಕೇಳಿ. ನಮಸ್ಕಾರ.