ಒಂದೇ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್ ಮತ್ತು ಉಬುಂಟು: ಮನೆಯವರ ಫೈಲ್ ಉಳಿಸಿಕೊಂಡು ಹಾಕುವುದು ಹೇಗೆ?

[ಸ್ಕ್ರೀನ್ ಮೇಲೆ: ಲ್ಯಾಪ್‌ಟಾಪ್ ಆನ್ ಆಗುತ್ತದೆ. ಮೆನುವಿನಲ್ಲಿ ಉಬುಂಟು, ವಿಂಡೋಸ್ ಎರಡೂ ಕಾಣುತ್ತವೆ]

ಎಲ್ಲರಿಗೂ ನಮಸ್ಕಾರ. ನಮ್ಮ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವವರು ಜಾಸ್ತಿ. ಆದರೆ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ಒಂದೇ. ಹಗಲು ಅಪ್ಪ ಅದರಲ್ಲೇ ಮೆಕ್ಕೆಜೋಳದ ವ್ಯಾಪಾರದ ಲೆಕ್ಕವನ್ನು ಟ್ಯಾಲಿಗೆ ಹಾಕುತ್ತಾರೆ. ಅಕ್ಕ ನುಡಿಯಲ್ಲಿ ಅರ್ಜಿ ಟೈಪ್ ಮಾಡುತ್ತಾಳೆ. ರಾತ್ರಿ ತಮ್ಮನಿಗೆ ಲ್ಯಾಬ್ ಪ್ರೋಗ್ರಾಂ ಬರೆಯಲು ಲಿನಕ್ಸ್ ಬೇಕು. ವಿಂಡೋಸ್ ತೆಗೆಯುವ ಹಾಗಿಲ್ಲ, ಲಿನಕ್ಸ್ ಇಲ್ಲದೆ ಆಗುವುದಿಲ್ಲ.

ಉಬುಂಟು ಲಿನಕ್ಸ್‌ನದೇ ಒಂದು ರೂಪ. ಅದನ್ನೂ ವಿಂಡೋಸನ್ನೂ ಒಂದೇ ಡಿಸ್ಕ್‌ನಲ್ಲಿ ಇಡಬಹುದು. ಆದರೆ ಓಎಸ್ (ಕಂಪ್ಯೂಟರ್ ನಡೆಸುವ ವಿಂಡೋಸ್, ಉಬುಂಟುವಿನಂಥ ತಂತ್ರಾಂಶ) ಕೆಟ್ಟರೆ ಮತ್ತೆ ಹಾಕಬಹುದು, ಅಪ್ಪನ ಲೆಕ್ಕ ಹೋದರೆ ಯಾವ ಇನ್‌ಸ್ಟಾಲರ್ ಕೂಡ ವಾಪಸ್ ಕೊಡುವುದಿಲ್ಲ. ಅದಕ್ಕೇ ಮೊದಲು ಟ್ಯಾಲಿ ಡೇಟಾ ಫೋಲ್ಡರ್, ನುಡಿ ಫೈಲ್, ಫೋಟೋ ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಕಾಪಿ ಆಯಿತು ಎಂದು ಬಿಡಬೇಡಿ. ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ.

[ಸ್ಕ್ರೀನ್ ಮೇಲೆ: ಡಿಸ್ಕ್‌ನ ಚಿತ್ರ, ಭಾಗಗಳು ಒಂದೊಂದು ಬಣ್ಣದಲ್ಲಿ]

ಈಗ ಡಿಸ್ಕ್ ಒಳಗೆ ಏನಿದೆ ನೋಡೋಣ. ಹೊಲಕ್ಕೆ ಬದು ಹಾಕುವ ಹಾಗೆ ಡಿಸ್ಕನ್ನು ಪಾರ್ಟಿಷನ್‌ಗಳಾಗಿ ಒಡೆದಿರುತ್ತಾರೆ. ಯಾವ ತುಂಡು ಎಲ್ಲಿಂದ ಎಲ್ಲಿವರೆಗೆ ಎನ್ನುವ ಪಹಣಿಯೇ ಪಾರ್ಟಿಷನ್ ಟೇಬಲ್. ಹಳೆಯ ಕಂಪ್ಯೂಟರ್‌ಗಳಲ್ಲಿ ಇದು ಎಂಬಿಆರ್ ಪದ್ಧತಿಯಲ್ಲಿ ಇರುತ್ತಿತ್ತು. ಡಿಸ್ಕ್‌ನ ಮೊದಲ 512 ಬೈಟ್‌ಗಳಲ್ಲೇ ಈ ಟೇಬಲ್ಲೂ ಓಎಸ್ ಎಬ್ಬಿಸುವ ಬೂಟ್ ಕೋಡೂ ಕೂರಬೇಕಿತ್ತು. ಪ್ರೈಮರಿ ಪಾರ್ಟಿಷನ್ 4ಕ್ಕಿಂತ ಜಾಸ್ತಿ ಆಗುತ್ತಿರಲಿಲ್ಲ. ವಿಂಡೋಸ್ ಆಮೇಲೆ ಹಾಕಿದರೆ ಅದು ಲಿನಕ್ಸ್‌ನ ಬೂಟ್ ಕೋಡನ್ನು ಅಳಿಸಿ ತನ್ನದನ್ನು ಬರೆದುಬಿಡುತ್ತಿತ್ತು. ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎನ್ನುವ ರೂಢಿ ಬಂದಿದ್ದು ಹೀಗೆ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಜಿಪಿಟಿ ಎನ್ನುವ ಹೊಸ ಪದ್ಧತಿಯ ಟೇಬಲ್ ಇರುತ್ತದೆ, ಸಾಮಾನ್ಯವಾಗಿ 128 ಪಾರ್ಟಿಷನ್‌ವರೆಗೆ ಜಾಗವಿದೆ. ಜೊತೆಗೆ ಇಎಫ್‌ಐ ಎನ್ನುವ ಒಂದು ಚಿಕ್ಕ ಪಾರ್ಟಿಷನ್ ಇರುತ್ತದೆ. ವಿಂಡೋಸ್ ಇದನ್ನು ಸಾಮಾನ್ಯವಾಗಿ 100 ಎಂಬಿಯಷ್ಟು ಮಾಡಿಕೊಳ್ಳುತ್ತದೆ. ಪ್ರತಿ ಓಎಸ್‌ನ ಬೂಟ್ ಫೈಲ್ ಇದರಲ್ಲೇ ಬೇರೆ ಬೇರೆ ಫೋಲ್ಡರ್‌ನಲ್ಲಿ ಇರುತ್ತದೆ. ಈ ಪುಟ್ಟ ಪಾರ್ಟಿಷನ್ ನೆನಪಿಟ್ಟುಕೊಳ್ಳಿ. ಜನ ಎಡವುವುದು ಇಲ್ಲೇ.

ಪೆನ್‌ಡ್ರೈವ್ ಹಾಕುವ ಮುಂಚೆ ವಿಂಡೋಸ್‌ನಲ್ಲೇ ಸ್ವಲ್ಪ ಕೆಲಸವಿದೆ.

ಮೊದಲು ಬಿಟ್‌ಲಾಕರ್ ನೋಡಿ. ಡಿಸ್ಕ್‌ಗೆ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ ಇದು. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನೀವು ಕೇಳದಿದ್ದರೂ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ. ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಮೂಲ ತಂತ್ರಾಂಶ) ಸೆಟ್ಟಿಂಗ್ ಬದಲಾಯಿಸಿದ ಮೇಲೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುತ್ತದೆ. ಅಕೌಂಟ್ ಯಾರ ಹೆಸರಲ್ಲಿದೆ? ಅಂಗಡಿಯವರು ಮಾಡಿಕೊಟ್ಟಿದ್ದಾ? ಅದನ್ನು ಇವತ್ತೇ ಪತ್ತೆ ಮಾಡಿ, ಕೀಯನ್ನು ಹಾಳೆಯಲ್ಲಿ ಬರೆದಿಡಿ. ಆಮೇಲೆ ಬಿಟ್‌ಲಾಕರ್ ಆಫ್ ಮಾಡಿ. ದೊಡ್ಡ ಡಿಸ್ಕ್ ಆದರೆ ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಕಾಯಿರಿ.

ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಇದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಅರ್ಧ ನಿದ್ದೆಯಲ್ಲಿ ಇರುತ್ತದೆ. ಆಗ ಉಬುಂಟುವಿನಿಂದ ಸಿ ಡ್ರೈವ್ ತೆರೆದರೆ ಓದಲು ಮಾತ್ರ ಬಿಡುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ.

[ಸ್ಕ್ರೀನ್ ಮೇಲೆ: ಡಿಸ್ಕ್ ಮ್ಯಾನೇಜ್‌ಮೆಂಟ್, ಸಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್]

ಈಗ ಜಾಗ ಬಿಡಿಸೋಣ. ಸಿ ಡ್ರೈವನ್ನು ಕುಗ್ಗಿಸುವ ಕೆಲಸ ವಿಂಡೋಸ್‌ಗೇ ಬಿಡಿ. ಅದರ ಫೈಲ್ ಅದಕ್ಕೇ ಚೆನ್ನಾಗಿ ಗೊತ್ತು. ಉಬುಂಟುಗೆ ಕನಿಷ್ಠ 25 ಜಿಬಿ ಬೇಕು. ನಾನು 60 ಕೊಡಿ ಎನ್ನುತ್ತೇನೆ. ಕೆಲವೊಮ್ಮೆ 200 ಜಿಬಿ ಖಾಲಿ ಇದ್ದರೂ 10 ಜಿಬಿ ಮಾತ್ರ ಕುಗ್ಗಿಸಬಹುದು ಎಂದು ತೋರಿಸುತ್ತದೆ. ಪೇಜ್ ಫೈಲ್, ಹೈಬರ್ನೇಷನ್ ಫೈಲ್, ರಿಸ್ಟೋರ್ ಪಾಯಿಂಟ್ ಇಂಥವು ನಡುವೆ ಅಲುಗಾಡದೆ ಕೂತಿರುತ್ತವೆ. ಅವನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಬಿಡಿಸಿದ ಜಾಗಕ್ಕೆ ಹೊಸ ಡ್ರೈವ್ ಮಾಡಬೇಡಿ, ಖಾಲಿ ಬಿಡಿ. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿ ಚಾರ್ಜರ್ ಹಾಕಿಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಪೆನ್‌ಡ್ರೈವ್ ಮಾಡುವುದು ಸುಲಭ. 8 ಜಿಬಿಯದ್ದು ಸಾಕು, ರೂಫಸ್ ಎನ್ನುವ ತಂತ್ರಾಂಶದಿಂದ ಅದಕ್ಕೆ ಉಬುಂಟು ಬರೆಯಿರಿ. ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ ಮೇಲೆ ಮೊದಲು ಇನ್‌ಸ್ಟಾಲ್ ಮಾಡದೆ ಸುಮ್ನೆ ಬಳಸಿ ನೋಡಿ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ ಪರೀಕ್ಷಿಸಿ. ಡಿಸ್ಕೇ ಕಾಣದಿದ್ದರೆ ಇಂಟೆಲ್ ಆರ್‌ಎಸ್‌ಟಿ (ಡಿಸ್ಕನ್ನು ನಿರ್ವಹಿಸುವ ಇಂಟೆಲ್ ವ್ಯವಸ್ಥೆ) ಸೆಟ್ಟಿಂಗ್ ಕಾರಣವಿರಬಹುದು. ಆದರೆ ಅದನ್ನು ಬಯೋಸ್‌ನಲ್ಲಿ ಒಮ್ಮೆಲೇ ಬದಲಾಯಿಸಿದರೆ ವಿಂಡೋಸ್ ಏಳದೇ ಹೋಗಬಹುದು. ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

[ಸ್ಕ್ರೀನ್ ಮೇಲೆ: ಇನ್‌ಸ್ಟಾಲರ್‌ನ ಡಿಸ್ಕ್ ಆಯ್ಕೆ ಪುಟ]

ಇಲ್ಲಿ ನಿಲ್ಲಿ. ಇಡೀ ಇನ್‌ಸ್ಟಾಲ್‌ನಲ್ಲಿ ಭಯ ಇಡಬೇಕಾದ ಪುಟ ಇದೊಂದೇ. ಡಿಸ್ಕ್ ಅಳಿಸಿ ಉಬುಂಟು ಹಾಕು ಎನ್ನುವ ಆಯ್ಕೆ ಒತ್ತಿದರೆ ಎಲ್ಲವೂ ಹೋಗುತ್ತದೆ. ವಿಂಡೋಸ್ ಜೊತೆಗೆ ಹಾಕು ಎನ್ನುವುದನ್ನು ಆರಿಸಿ. ಆ ಆಯ್ಕೆ ಇಲ್ಲದಿದ್ದರೆ ಕೈಯಿಂದಲೇ ಮಾಡಿ: ಖಾಲಿ ಜಾಗದಲ್ಲಿ ಹೊಸ ಪಾರ್ಟಿಷನ್, ಮಾದರಿ ಇಎಕ್ಸ್‌ಟಿ4 (ಲಿನಕ್ಸ್ ಫೈಲ್ ಇಡುವ ಪದ್ಧತಿ), ಮೌಂಟ್ ಪಾಯಿಂಟ್ ಒಂದು ಓರೆಗೆರೆ (/). ಆಗಲೇ ಇರುವ ಇಎಫ್‌ಐ ಪಾರ್ಟಿಷನ್ನನ್ನೇ ಬೂಟ್‌ಗೆ ತೋರಿಸಿ. ಅದನ್ನು ಫಾರ್ಮ್ಯಾಟ್ ಮಾಡಬೇಡಿ. ಮಾಡಿದರೆ ಸಿ ಡ್ರೈವ್ ಹಾಗೇ ಇರುತ್ತದೆ, ಆದರೆ ಅದನ್ನು ಎಬ್ಬಿಸುವ ಫೈಲ್ ಇರುವುದಿಲ್ಲ.

ಮುಗಿದ ಮೇಲೆ ಗ್ರಬ್ ಮೆನು, ಅಂದರೆ ಯಾವ ಓಎಸ್ ಬೇಕು ಎಂದು ಕೇಳುವ ಮೆನು, ಬರುತ್ತದೆ. ವಿಂಡೋಸ್ ಅದರಲ್ಲಿ ಕಾಣದಿದ್ದರೆ ಗಾಬರಿ ಬೇಡ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ಓಎಸ್ ಪ್ರೋಬರ್ ಅನ್ನು ಆಫ್ ಮಾಡಿಟ್ಟಿರುತ್ತಾರೆ. ಆನ್ ಮಾಡಿ ಗ್ರಬ್ ಅಪ್‌ಡೇಟ್ ಮಾಡಿದರೆ ಬರುತ್ತದೆ.

ಉಬುಂಟು ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಬಹುದು. ಮದರ್‌ಬೋರ್ಡ್ ಗಡಿಯಾರವನ್ನು ಉಬುಂಟು ಯುಟಿಸಿ (ಜಾಗತಿಕ ಸಮಯ) ಎಂದು ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದು ಓದುತ್ತದೆ. ಬಿಲ್ ಮೇಲೆ ತಾರೀಕು ತಪ್ಪಿದರೆ ಅಪ್ಪನಿಗೆ ತೊಂದರೆ ಅಲ್ವಾ? ಸ್ಕ್ರೀನ್ ಮೇಲಿರುವ ಒಂದು ಸಾಲನ್ನು (timedatectl set-local-rtc 1) ಉಬುಂಟು ಟರ್ಮಿನಲ್‌ನಲ್ಲಿ ಹಾಕಿ, ಎರಡೂ ಒಂದೇ ಸಮಯ ಹಿಡಿಯುತ್ತವೆ.

ಅಕ್ಕನ ವಿಷಯ. ನುಡಿಯ ಯೂನಿಕೋಡ್ ಫೈಲ್ ಉಬುಂಟುವಿನಲ್ಲೂ ಓದಬಹುದು. ನುಡಿಯಂಥದ್ದೇ ಕೆಜಿಪಿ ಕೀಲಿಮಣೆ ಉಬುಂಟುವಿನ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನಲ್ಲಿ ಸಿಗುತ್ತದೆ. ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ಗಳನ್ನು ಮಾತ್ರ ವಿಂಡೋಸ್‌ನಲ್ಲೇ ತೆರೆಯಲಿ.

ಮೂರು, ನಾಲ್ಕು ಓಎಸ್ ಹಾಕಬಹುದಾ? ಹಾಕಬಹುದು. ಆದರೆ ಮನೆಯವರೆಲ್ಲ ಬಳಸುವ ಯಂತ್ರದಲ್ಲಿ ಬೇಡ. ಬೇರೆ ಲಿನಕ್ಸ್ ನೋಡುವ ಆಸೆ ಇದ್ದರೆ ಒಂದು ಓಎಸ್ ಒಳಗೇ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ನೋಡಿ.

ಓದು ಮುಗಿದು ಉಬುಂಟು ತೆಗೆಯುವಾಗಲೂ ಕ್ರಮವಿದೆ. ಮೊದಲು ಬಯೋಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತನ್ನಿ. ಅದು ಸರಿಯಾಗಿ ಏಳುತ್ತದೆ ಎಂದು ಖಾತ್ರಿ ಮಾಡಿಕೊಂಡು, ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಉಬುಂಟು ಪಾರ್ಟಿಷನ್ ಅಳಿಸಿ. ಖಾಲಿಯಾದ ಜಾಗ ಸಿ ಡ್ರೈವ್‌ನ ಪಕ್ಕದಲ್ಲೇ ಇರುವುದರಿಂದ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಿದರೆ ವಾಪಸ್ ಸೇರಿಕೊಳ್ಳುತ್ತದೆ.